ಜೋಡಿ ಕಂಬಿಯ ಸದ್ಬಳಕೆ

ನಮ್ಮ ಆಸ್ಪತ್ರೆಯ ಚರಿತ್ರೆಯಲ್ಲಿ ಹುಟ್ಟು, ಸಾವು, ಸಾಂಕ್ರಾಮಿಕ ಎಲ್ಲವನ್ನೂ ಮೀರಿಸಿ ನಿಂತ ಪ್ರಶ್ನೆ ಒಂದಿದೆ. ಒದ್ದೆ ಬೆಡ್‌ಶೀಟುಗಳನ್ನು ಎಲ್ಲಿ ಒಣಹಾಕಬೇಕು ಎಂಬುದೇ ಆ ಪ್ರಶ್ನೆ. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಇದಕ್ಕಾಗಿ ಒಂದು ಸಮಿತಿ ರಚನೆಯಾಯಿತು. ಸಮಿತಿ ಮೂರು ಸಲ ಸೇರಿತು. ಮೂರು ಸಲವೂ ಬಿಸ್ಕತ್ತು ಬಂತು. ದಿಂಬಿನ ಕವರನ್ನು ಬೆಡ್‌ಶೀಟಿನ ಜೊತೆ ಸೇರಿಸಿ ಚರ್ಚಿಸಬೇಕೋ ಬೇರೆಯಾಗಿಯೋ ಎಂಬ ವಿಷಯಕ್ಕೆ ಇಬ್ಬರು ಡಾಕ್ಟರುಗಳು ಮಾತು ಬಿಟ್ಟರು. ಇವತ್ತಿಗೂ ಲಿಫ್ಟಿನಲ್ಲಿ ಎದುರಾದರೆ ಒಬ್ಬರು ಚಾವಣಿ ನೋಡುತ್ತಾರೆ, ಇನ್ನೊಬ್ಬರು ಬೂಟು ನೋಡುತ್ತಾರೆ.

ನಾನು ಆ ಆಸ್ಪತ್ರೆಯ ಟೈಲರು. ಹರಿದ ಬೆಡ್‌ಶೀಟು, ಆಪರೇಷನ್ ಗೌನು, ಕಿಟಕಿ ಪರದೆ, ಇವೇ ನನ್ನ ಲೋಕ. ನನ್ನ ಬಲಗಾಲು ಪೋಲಿಯೋದಲ್ಲಿ ಸೊರಗಿದ್ದು. ಅಂಗವಿಕಲರ ಮೀಸಲಾತಿಯಲ್ಲಿ ಕೆಲಸ ಸಿಕ್ಕಿತು. ಸೇರಿದ ದಿನ ನನಗೆ ಕಾಲಲ್ಲಿ ತುಳಿಯುವ ಮೆಷೀನು ಕೊಟ್ಟರು. ನಾನೇ ಒಂದು ಕೈಹಿಡಿಕೆ ತಂದು ಸಿಕ್ಕಿಸಿಕೊಂಡೆ. ಮೆಟ್ಟಿಲ ಕೆಳಗಿನ ಕೋಣೆ ನನ್ನದು. ಎಡಕ್ಕೆ ಲಾಂಡ್ರಿ, ಬಲಕ್ಕೆ ದೊಡ್ಡ ಕೋಣೆಯಂಥ ಒಂದು ಖಾಲಿ ಹಾಲು. ಹಳೆಯ ಕಡತಗಳನ್ನು ರದ್ದಿಗೆ ಹಾಕುವ ಮುಂಚೆ ನನ್ನ ಕೋಣೆಯಲ್ಲಿ ಪೇರಿಸುತ್ತಾರೆ. ಬಿಡುವಿದ್ದಾಗ ಓದುತ್ತೇನೆ. ಈ ಆಸ್ಪತ್ರೆಯಲ್ಲಿ ಕಡತಗಳನ್ನು ಪೂರ್ತಿ ಓದುವವನು ನಾನೊಬ್ಬನೇ ಇರಬೇಕು.

ಬಲಗಡೆಯ ಹಾಲು ಖಾಲಿಯಾಗಿ ಉಳಿಯಲಿಲ್ಲ. ಮೇಲಿನಿಂದ ಒಂದು ಆದೇಶ ಬಂತು. "ಅಂಗವಿಕಲರ ಪುನಶ್ಚೇತನ ಸೇವೆಗಳನ್ನು ಸಾರ್ವಜನಿಕ ಆರೋಗ್ಯ ವ್ಯವಸ್ಥೆಯೊಳಗೆ ಸಮಗ್ರವಾಗಿ ವಿಲೀನಗೊಳಿಸುವ ಬಗ್ಗೆ." ಹದಿನಾಲ್ಕು ಪುಟ. ಓದಿದಾಗ ನನಗೂ ಒಂದು ಗಳಿಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಕಾಲು ಕಳಕೊಂಡವರು, ಲಕ್ವ ಹೊಡೆದವರು, ನಡು ಮುರಿದವರು ಇನ್ನು ಮೇಲೆ ಬೇರೆಲ್ಲೋ ಅಲೆಯಬೇಕಿಲ್ಲ. ಆಪರೇಷನ್ ಎಲ್ಲೋ ಅಲ್ಲೇ ವ್ಯಾಯಾಮ, ಅಲ್ಲೇ ನಡಿಗೆ, ಅಲ್ಲೇ ಕೃತಕ ಕಾಲು. ಆದೇಶದ ಹಿಂದೆಯೇ ಒಂದು ಲಾರಿಯಲ್ಲಿ ಜೋಡಿ ಕಂಬಿ ಬಂತು. ಸೊಂಟದೆತ್ತರಕ್ಕೆ, ಒಂದರ ಪಕ್ಕ ಒಂದು, ಹಾಲಿನ ಈ ಗೋಡೆಯಿಂದ ಆ ಗೋಡೆಯವರೆಗೆ ಹೊಳೆಯುವ ಸ್ಟೀಲು. ಅದರ ನಡುವೆ ನಿಂತು, ಎರಡೂ ಕೈಯಲ್ಲಿ ಹಿಡಿದು, ನಡೆಯುವುದನ್ನು ಮತ್ತೆ ಕಲಿಯಬೇಕು. ಕಂಬಿಯ ಹಿಂದೆ ವ್ಯಾಯಾಮದ ಮೇಡಂ ಬಂದರು. ಚಿಕ್ಕ ವಯಸ್ಸು, ಗುತ್ತಿಗೆ ಕೆಲಸ, ಬಿಳಿ ಕೋಟಿನ ಜೇಬಲ್ಲಿ ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ.

ಎರಡು ತಿಂಗಳು ಅವರು ಹಾಲಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಯಾವ ವಾರ್ಡಿನವರೂ ಒಬ್ಬ ರೋಗಿಯನ್ನೂ ಕಳಿಸಲಿಲ್ಲ. ಕಳಿಸಬಾರದು ಎಂದು ಯಾರೂ ಹಟ ಹಿಡಿದಿರಲಿಲ್ಲ. ಕಳಿಸಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ.

ಆ ಹೊತ್ತಿಗೆ ಲಾಂಡ್ರಿಯ ಒಣಗಿಸುವ ಮೆಷೀನು ಕೆಟ್ಟಿತು. ಹೊರಗೆ ಮಳೆ ಹಿಡಿದಿತ್ತು.

ಲಾಂಡ್ರಿಯ ಅಕ್ಕನ ಬಗ್ಗೆ ಈಗ ಹೇಳಬೇಕು. ಇಪ್ಪತ್ತಾರು ವರ್ಷ ಈ ಆಸ್ಪತ್ರೆಯ ರಕ್ತ, ಕೀವು, ಮಲ ಒಗೆದ ಹೆಂಗಸು. ಅವಳೂ ಗುತ್ತಿಗೆಯೇ. ತೊಟ್ಟಿಯಲ್ಲಿ ಬ್ಲೀಚಿಂಗ್ ಪೌಡರ್ ಕಲಸಿ, ಬರಿಗಾಲಲ್ಲಿ ಇಳಿದು, ಬೆಡ್‌ಶೀಟುಗಳನ್ನು ತುಳಿಯುತ್ತಿದ್ದಳು. ಗಂಬೂಟು ಕೊಡಬೇಕು ಅಂತ ನಿಯಮ ಇದೆ, ನಾನು ಓದಿದ್ದೇನೆ. ಬಂದದ್ದು ಒಂದೇ ಜೊತೆ. ಅದು ಲಾಂಡ್ರಿ ಸೂಪರ್‌ವೈಸರನ ಬೈಕಿನ ಹಿಂದೆ ಇರುತ್ತಿತ್ತು. ತುಳಿದ ಮೇಲೆ ಹಿಂಡುವುದು. ನೆನೆದ ಬೆಡ್‌ಶೀಟು ಒಂದು ಮಗುವಿನ ತೂಕ. ದಿನಕ್ಕೆ ನೂರು, ನೂರಿಪ್ಪತ್ತು. ಅವಳ ಅಂಗೈ ಮೇಲೆ ರೇಖೆಗಳೇ ಇರಲಿಲ್ಲ. "ನನ್ನ ಹಣೆಬರಹ ಯಾವನೂ ಓದಂಗಿಲ್ಲ ನೋಡು, ಬ್ಲೀಚ್ ಮಾಡ್ಬಿಟ್ಟಿದೀನಿ" ಅನ್ನುತ್ತಿದ್ದಳು.

ಮಳೆಯ ನಾಲ್ಕನೇ ದಿನ ಅವಳು ಒದ್ದೆ ಗಂಟು ಹೊತ್ತು ಹಾಲಿನ ಬಾಗಿಲಿಗೆ ಬಂದಳು.

"ಮೇಡಂನೋರೇ, ಆ ಕಂಬಿ ಸುಮ್ನೆ ನಿಂತಿದೆಯಲ್ಲಾ. ನಾಕು ಬಟ್ಟೆ ಹಾಕ್ಲಾ? ವಾರ್ಡಲ್ಲಿ ಜನ ಬರೀ ರೆಕ್ಸಿನ್ ಮೇಲೆ ಮಲಗಿದಾರೆ."

ಮೇಡಂ ನಕ್ಕರು. "ಹಾಕಮ್ಮ. ಪೇಷೆಂಟ್ ಬಂದ್ರೆ ತೆಗಿ."

ಪೇಷೆಂಟ್ ಬರಲಿಲ್ಲ. ಒಂದು ವಾರದ ಮೇಲೆ ಸಾಹೇಬರು, ಅಂದರೆ ನಮ್ಮ ಸೂಪರಿಂಟೆಂಡೆಂಟರು, ಆ ಕಡೆ ಬಂದರು. ಸಾಹೇಬರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈಯಲು ಸುಲಭವಿತ್ತು. ಕಂಬಿಯ ಮೇಲೆ ಸಾಲಾಗಿ ಹದಿನೆಂಟು ಬೆಡ್‌ಶೀಟು ಇಳಿಬಿದ್ದದ್ದನ್ನು ನೋಡಿ ಅವರ ಮುಖ ಅರಳಿತು. "ಇದಪ್ಪಾ ಸದ್ಬಳಕೆ ಅಂದ್ರೆ" ಅಂದರು. ಅಕ್ಕನ ಬೆನ್ನು ತಟ್ಟುವವರಂತೆ ಕೈ ಎತ್ತಿ, ಅವಳ ಬಟ್ಟೆ ನೋಡಿ, ಕೈ ಇಳಿಸಿದರು. ಮಾರನೆಯ ದಿನದಿಂದ ಮೇಡಂ ಅವರನ್ನು ಹೊರರೋಗಿಗಳ ಟೋಕನ್ ಕೌಂಟರಿಗೆ ಹಾಕಿದರು. ಅಲ್ಲಿ ಜನ ಸಾಲದು ಅಂತ. ವಿಲೀನ ಮಾಡಬೇಕು ಅಂತ ತಾನೆ ಆದೇಶದಲ್ಲಿ ಇದ್ದದ್ದು.

ಆದೇಶವನ್ನು ಪೂರ್ತಿ ಗಾಳಿಗೆ ತೂರಿದರು ಅಂತ ಮಾತ್ರ ಹೇಳುವಂತಿಲ್ಲ. ಒಂದು ಸೀಲು ಮಾಡಿಸಿದರು. "ಪುನಶ್ಚೇತನ ಸಲಹೆ ನೀಡಲಾಗಿದೆ." ಡಿಸ್ಚಾರ್ಜ್ ಚೀಟಿ ಬರೆದ ತಕ್ಷಣ ವಾರ್ಡಿನ ಅಟೆಂಡರು ಅದನ್ನು ಒತ್ತುತ್ತಿದ್ದ. ಹೆರಿಗೆಯಾದವರ ಚೀಟಿಗೂ ಬಿದ್ದದ್ದನ್ನು ನಾನು ಕಂಡಿದ್ದೇನೆ.

ಮುಂದಿನದು ಸೂಜಿಯ ಕತೆ. ಒಂದು ಬೆಳಿಗ್ಗೆ ತೊಟ್ಟಿಯಲ್ಲಿ ತುಳಿಯುತ್ತಿದ್ದ ಅಕ್ಕ "ಹಾ" ಅಂತ ನಿಂತಳು. ಬೆಡ್‌ಶೀಟಿನೊಳಗೆ ಯಾರೋ ಬಿಟ್ಟಿದ್ದ ಸೂಜಿ ಎಡ ಅಂಗಾಲಿಗೆ ಹೊಕ್ಕಿತ್ತು. ಕುಂಟುತ್ತಾ ನನ್ನ ಕೋಣೆಗೆ ಬಂದು ಕಾಲು ಎತ್ತಿ ತೋರಿಸಿದಳು.

"ನಿಂದೇನೋ ತಮ್ಮಾ ಇದು?"

ಕನ್ನಡಕ ಏರಿಸಿ ನೋಡಿದೆ. ಒಳಗೆ ತೂತಿತ್ತು. ಇಂಜೆಕ್ಷನ್ ಸೂಜಿ. "ನಂದಲ್ಲಕ್ಕಾ" ಅಂದೆ. ಆ ಹೊತ್ತಲ್ಲಿ ನನಗಾದ ಸಮಾಧಾನ ನೆನೆದರೆ ಈಗ ನಾಚಿಕೆಯಾಗುತ್ತದೆ.

"ನಿಂದಲ್ದಿದ್ರೆ ಡಾಕ್ಟ್ರದು ಬಿಡು. ದೊಡ್ಡೋರ ಸೂಜಿ. ಖರ್ಚಿಲ್ದೆ ಇಂಜೆಕ್ಷನ್ ಆಯ್ತು" ಅಂತ ಕಿತ್ತು ಎಸೆದು ಮತ್ತೆ ತೊಟ್ಟಿಗೆ ಇಳಿದಳು. ಅವತ್ತು ಇನ್ನೂ ಎಂಬತ್ತು ಬೆಡ್‌ಶೀಟು ಬಾಕಿ ಇದ್ದವು.

ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ಹತ್ತು ದಿನಕ್ಕೆ ಪಾದ ನೀಲಿಯಾಯಿತು. ಹದಿಮೂರನೇ ದಿನ ಮಂಡಿಯಿಂದ ಒಂದು ಗೇಣು ಕೆಳಗೆ ಕಾಲು ತೆಗೆದರು. ಕಡತದಲ್ಲಿ "ಕಾರಣ: ಸಕ್ಕರೆ ಕಾಯಿಲೆ" ಅಂತ ಬರೆದಿದೆ. ಸೂಜಿಯ ಸುದ್ದಿ ಎಲ್ಲೂ ಇಲ್ಲ. ಬರೆದಿದ್ದರೆ ಸೂಜಿ ಯಾರದು ಅಂತ ಕೇಳಬೇಕಾಗುತ್ತಿತ್ತು.

ಕಾಲು ತೆಗೆದ ಎರಡನೇ ದಿನ ನಾನು ವಾರ್ಡಿಗೆ ಹೋದೆ. ಮೊದಲನೇ ಮಹಡಿ, ಇಪ್ಪತ್ತೆರಡು ಮೆಟ್ಟಿಲು, ಅವತ್ತು ಲಿಫ್ಟು ಇರಲಿಲ್ಲ. ಅಕ್ಕ ಹಲ್ಲು ಕಚ್ಚಿಕೊಂಡು ಮಲಗಿದ್ದಳು. ಮೋಟುಗಾಲನ್ನು ಹಾಸಿಗೆಗೆ ತಾಗಿಸಿದರೆ ನೋವು, ಎತ್ತಿದರೆ ನೋವು. ಅವಳ ಮಗಳು ತನ್ನ ತೊಡೆಯ ಮೇಲೆ ಆ ಕಾಲಿಟ್ಟುಕೊಂಡು ಮೂರು ಗಂಟೆ ಹೊತ್ತಿನಿಂದ ಅಲುಗಾಡದೆ ಕೂತಿದ್ದಳು. ಆ ಹುಡುಗಿಗೆ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ, ಮಧ್ಯಾಹ್ನದ ಶಿಫ್ಟಿಗೆ ಹೋಗಲೇಬೇಕು.

"ಮಾವಾ, ಏನಾದ್ರೂ ಮೆತ್ತಗಿರೋದು ಸಿಗುತ್ತಾ?" ಅಂದಳು.

ನಾನು ಕೆಳಗೆ ಬಂದು ಒಂದು ದಿಂಬು ಹೊಲಿದೆ. ನನ್ನ ಇಡೀ ಉದ್ಯೋಗದಲ್ಲಿ ಅಷ್ಟು ಚೆನ್ನಾಗಿ ಏನನ್ನೂ ಹೊಲಿದಿರಲಿಲ್ಲ. ಹೊಸ ಗೌನಿನ ಬಟ್ಟೆ ಕತ್ತರಿಸಿದೆ, ಸ್ಟೋರಿನವನ ಕಣ್ಣು ತಪ್ಪಿಸಿ. ಹತ್ತಿಯನ್ನು ಕೈಯಲ್ಲಿ ಬಿಡಿಸಿ ಬಿಡಿಸಿ ತುಂಬಿದೆ. ನಡುವೆ ಕಾಲು ಕೂರಲಿ ಅಂತ ಒಂದು ಗುಳಿ ಬಿಟ್ಟೆ. ಮೂಲೆಗಳಿಗೆ ಎರಡೆರಡು ಹೊಲಿಗೆ. ಮಂಡಿಯ ಕೆಳಗೆ ಅದನ್ನಿಟ್ಟಾಗ ಅಕ್ಕನ ಹುಬ್ಬಿನ ಗಂಟು ಸಡಿಲಾಯಿತು. ಅವಳು ನಿದ್ದೆ ಹೋದಳು. ದೊಡ್ಡ ಸಿಸ್ಟರ್ ಬಂದು ನೋಡಿ "ಅಯ್ಯೋ, ಎಷ್ಟು ಚೆನ್ನಾಗಿದೆ! ನಮ್ಮ ವಾರ್ಡಿಗೆ ಇನ್ನೂ ನಾಕು ಹೊಲ್ಕೊಡಪ್ಪ" ಅಂದರು. ಹೊಲಿದುಕೊಟ್ಟೆ.

ಇಪ್ಪತ್ತನಾಲ್ಕು ದಿನ ಅಕ್ಕನ ಮಂಡಿ ಆ ದಿಂಬಿನ ಮೇಲೆ, ಬಾಗಿಕೊಂಡು, ಸುಖವಾಗಿ ಇತ್ತು. ಸರ್ಜನ್ ದಿನಾ ಬಂದರು. ಗಾಯ ನೋಡಿದರು. "ಗುಡ್" ಅಂದರು. ದಿಂಬನ್ನು ಯಾರೂ ತೆಗೆಯಲಿಲ್ಲ. ತೆಗೆಯಬೇಕು ಅಂತ ಗೊತ್ತಿದ್ದ ಒಬ್ಬರೇ ಒಬ್ಬರು ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ ಟೋಕನ್ ಹರಿದು ಕೊಡುತ್ತಿದ್ದರು.

ಡಿಸ್ಚಾರ್ಜ್ ಆಯಿತು. ಚೀಟಿಗೆ ಸೀಲು ಬಿತ್ತು. ಪುನಶ್ಚೇತನ ಸಲಹೆ ನೀಡಲಾಗಿದೆ. ಲಾಂಡ್ರಿಯ ಗುತ್ತಿಗೆದಾರ ಅದೇ ವಾರ ಬೇರೆ ಹೆಂಗಸನ್ನು ತಂದ. "ಇದು ಎರಡು ಕಾಲಿನ ಕೆಲಸಮ್ಮ" ಅಂದನಂತೆ ಅಕ್ಕನಿಗೆ. "ಇಷ್ಟು ವರ್ಷ ನಾಕು ಕೈ ಕೆಲಸ ಎರಡು ಕೈಯಲ್ಲಿ ಮಾಡ್ದೆನಲ್ಲಪ್ಪಾ, ಆವಾಗ ಲೆಕ್ಕ ಹಾಕ್ಲಿಲ್ವಾ?" ಅಂತ ಅಕ್ಕ ಕೇಳಿದಳಂತೆ.

ಗಾಯದ ಪಟ್ಟಿ ಬದಲಿಸಲು ಮಗಳು ಅವಳನ್ನು ಗಾಲಿಕುರ್ಚಿಯಲ್ಲಿ ತಂದಳು. ಕುರ್ಚಿಯ ಮೇಲೂ ನನ್ನ ದಿಂಬು. ಟೋಕನ್ ಕೌಂಟರಿನ ಮುಂದೆ ಸಾಲು. ಕಿಟಕಿಯ ಆಚೆಯಿಂದ ವ್ಯಾಯಾಮದ ಮೇಡಂ ತಲೆ ಎತ್ತಿದರು. ಅಕ್ಕನನ್ನು ನೋಡಿದರು. ಕಾಲು ನೋಡಿದರು. ಟೋಕನ್ ಪುಸ್ತಕ ಅಲ್ಲೇ ಬಿಟ್ಟು ಹೊರಗೆ ಓಡಿ ಬಂದು, ಮಂಡಿಯೂರಿ ಕೂತು, ದಿಂಬನ್ನು ಎಳೆದು ನೆಲಕ್ಕೆ ಬಿಸಾಡಿದರು.

"ಯಾರು ಕೊಟ್ಟಿದ್ದು ಇದನ್ನ? ಯಾರು?"

ಮಗಳು ಗಾಬರಿಯಾದಳು. ನಾನು ಸಾಲಿನ ಪಕ್ಕದಲ್ಲೇ ಊರುಗೋಲು ಹಿಡಿದು ನಿಂತಿದ್ದೆ. "ನಾನು" ಅಂದೆ.

ಮೇಡಂ ನನ್ನ ಮುಖ ನೋಡಿದರು. ಪ್ಲಾಸ್ಟಿಕ್ ಪಟ್ಟಿ ತೆಗೆದು ಅಳೆದರು. ಮಂಡಿ ಐವತ್ತು ಡಿಗ್ರಿಯಲ್ಲಿ ಬಾಗಿ ಬಿಗಿದಿತ್ತು. ಒತ್ತಿದರೂ ನೆಟ್ಟಗಾಗಲಿಲ್ಲ. ಬಾಗಿದ ಮಂಡಿಗೆ ಕೃತಕ ಕಾಲು ಕೂರುವುದಿಲ್ಲ ಎಂದು ಅವರು ಹೇಳಿದರು. ಕಾಲು ತೆಗೆದ ಮೊದಲ ದಿನದಿಂದಲೇ ಮಂಡಿಯನ್ನು ನೆಟ್ಟಗೆ ಇಡಬೇಕಿತ್ತು. ದಿಂಬು ಇಡಲೇಬಾರದಿತ್ತು. ಇದು ಆ ವಿದ್ಯೆಯ ಮೊದಲನೇ ಪಾಠವಂತೆ.

"ಇನ್ನು ಎಷ್ಟು ದಿನ ಇದೆ ಮೇಡಂ?" ಅಂತ ಅಕ್ಕ ಕೇಳಿದಳು.

ಕಾಲು ಕೂರಿಸುವವರು ನಮ್ಮಲ್ಲಿಗೆ ವರ್ಷಕ್ಕೊಂದು ಸಲ ಬರುತ್ತಾರೆ. ಬರಲು ಮೂರು ತಿಂಗಳಿತ್ತು. ಅಷ್ಟರೊಳಗೆ ಮಂಡಿ ಹದಿನೈದಕ್ಕೆ ಇಳಿದರೆ ಕಾಲು ಉಂಟು. "ಕಷ್ಟ. ಆದ್ರೆ ದಿನಾ ಮಾಡಿದ್ರೆ ಆಗುತ್ತೆ" ಅಂದರು ಮೇಡಂ.

ಸಾಲಿನ ಹಿಂದಿನಿಂದ ಒಬ್ಬ ಕೂಗಿದ: "ರೀ, ಟೋಕನ್ ಕೊಡ್ತೀರೋ ಇಲ್ವೋ!"

ಹೀಗೆ ಶುರುವಾಯಿತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮೇಡಂ ಅರ್ಧ ಗಂಟೆ ಓಡಿ ಬರುತ್ತಿದ್ದರು. ಹಾಲಿನ ತುಂಬ ಬೆಡ್‌ಶೀಟು. ಕಂಬಿ ಕಾಣುತ್ತಲೇ ಇರಲಿಲ್ಲ. ಕೆಳಗೆ ಒದ್ದೆ ನೆಲ, ಊರುಗೋಲು ಜಾರುತ್ತಿತ್ತು. ಹಾಗಾಗಿ ನನ್ನ ಕೋಣೆಯಲ್ಲೇ, ಹರಿದ ಬೆಡ್‌ಶೀಟಿನ ರಾಶಿ ಹರವಿ, ಅಕ್ಕ ಬೋರಲು ಮಲಗುತ್ತಿದ್ದಳು. ಮೇಡಂ ಮಂಡಿಯನ್ನು ಒತ್ತುತ್ತಿದ್ದರು. ತೂಕಕ್ಕೆ ಮರಳಿನ ಚೀಲ ಬೇಕು ಅಂದರು. ಸ್ಟೋರಿನಲ್ಲಿ ಇರಲಿಲ್ಲ. ನನ್ನ ಇಸ್ತ್ರಿ ಪೆಟ್ಟಿಗೆಯನ್ನು ತಣ್ಣಗಿರುವಾಗ ಬಟ್ಟೆ ಸುತ್ತಿ ಕಾಲಿನ ಮೇಲೆ ಕಟ್ಟುತ್ತಿದ್ದೆವು. ಅಕ್ಕ ಬೆಡ್‌ಶೀಟನ್ನು ಬಾಯಿಗೆ ತುರುಕಿಕೊಂಡು ಕಚ್ಚುತ್ತಿದ್ದಳು.

"ಕಚ್ಬೇಡ ಅಕ್ಕಾ, ಮತ್ತೆ ನಾನೇ ಹೊಲೀಬೇಕು."

"ಹೊಲಿ. ಸಂಬಳ ಸುಮ್ನೆ ಕೊಡ್ತಾರಾ?"

ನೋವಿನ ನಡುವೆ ಬೆಡ್‌ಶೀಟು ಮೂಸಿ ನೋಡಿ "ಥೂ, ಈ ಹೊಸಬಳು ಸರಿಯಾಗಿ ಜಾಲಿಸೋದೇ ಇಲ್ಲ" ಅನ್ನುತ್ತಿದ್ದಳು.

ಮೂರು ವಾರಕ್ಕೆ ಐವತ್ತು ಇದ್ದದ್ದು ನಲವತ್ತಾಯಿತು. ನಾಲ್ಕನೇ ವಾರ ಮೂವತ್ತೆಂಟು. ಆಮೇಲೆ ನಿಂತಿತು. ಮಲಗಿದ್ದರೆ ಇಷ್ಟೇ, ಇನ್ನು ಎದ್ದು ನಿಲ್ಲಬೇಕು, ಕಂಬಿ ಹಿಡಿದು ಮೈಭಾರ ಹಾಕಬೇಕು, ದಿನಕ್ಕೆ ಒಂದು ಗಂಟೆಯಾದರೂ ಬೇಕು ಅಂದರು ಮೇಡಂ. ಹಂತ ಹಂತವಾಗಿ ಪ್ಲಾಸ್ಟರ್ ಹಾಕಿ ಮಂಡಿ ಬಿಡಿಸಬಹುದು ಅಂತ ಸರ್ಜನ್ ಹತ್ತಿರ ಹೋದರು. "ಗಾಯ ಒಣಗಿದೆಯಲ್ಲ. ನನ್ನ ಕೇಸ್ ಮುಗೀತು" ಅಂದರು ಸರ್ಜನ್. ಮೂಳೆ ಡಾಕ್ಟರ ಹತ್ತಿರ ಹೋದರು. "ಕಾಲು ತೆಗೆದಿದ್ದು ನಾವಲ್ಲ" ಅಂದರು ಅವರು.

ಆಗ ಮೇಡಂ ಅರ್ಜಿ ಬರೆದರು. ಜೋಡಿ ಕಂಬಿಯನ್ನು ತೆರವು ಮಾಡಿಕೊಡಬೇಕು, ದಿನಕ್ಕೆ ಒಂದು ಗಂಟೆ ತನ್ನನ್ನು ಕೌಂಟರಿನಿಂದ ಬಿಡಬೇಕು, ಎರಡೇ ವಾಕ್ಯ. ಸಮಿತಿ ಹುಟ್ಟಿದ್ದು ಆ ಎರಡು ವಾಕ್ಯಗಳಿಂದ. ಬೆಡ್‌ಶೀಟುಗಳು ಬೇರೆಲ್ಲಿಗೆ ಹೋಗಬೇಕು? ತಾರಸಿಗೆ ಹಾಕಿದರೆ ಹಕ್ಕಿ ಹಿಕ್ಕೆ. ಹಿತ್ತಲಿಗೆ ಹಾಕಿದರೆ ಡಾಕ್ಟರುಗಳ ಕಾರು. ನಡವಳಿಯನ್ನು ಅಕ್ಷರ ಬಿಡದೆ ಓದಿದ್ದೇನೆ. ಮೂರು ಸಭೆಯಲ್ಲಿ ಅಕ್ಕನ ಪ್ರಸ್ತಾಪ ಒಂದೇ ಕಡೆ ಇದೆ, "ಓರ್ವ ರೋಗಿ" ಅಂತ. ಬೆಡ್‌ಶೀಟು ನಲವತ್ತೊಂದು ಕಡೆ ಇದೆ. ತೀರ್ಮಾನ: ಯಥಾಸ್ಥಿತಿ ಕಾಯ್ದುಕೊಳ್ಳುವುದು. ಜೊತೆಗೆ, ಊಟದ ಬಿಡುವಿನಲ್ಲಿ ಸಿಬ್ಬಂದಿ ತಮ್ಮ ಸ್ಥಳ ಬಿಟ್ಟು ಹೋಗತಕ್ಕದ್ದಲ್ಲ.

ಸಮಿತಿ ಯೋಚಿಸಿದ್ದು ಐದು ವಾರ. ತೀರ್ಮಾನದ ನಂತರ ಮೇಡಂ ಬರುವುದು ನಿಂತಿತು. ಅಕ್ಕ ಮನೆಯಲ್ಲಿ ತಾನೇ ಮಾಡಿಕೊಳ್ಳುತ್ತಿದ್ದಳು. ಬೋರಲು ಮಲಗಿ, ಮೋಟುಗಾಲಿನ ಮೇಲೆ ನೀರಿನ ಕೊಡ ಇಟ್ಟುಕೊಂಡು. ಒಂದು ದಿನ ಕೊಡ ಉರುಳಿ ಮನೆಯೆಲ್ಲಾ ನೀರಾಯಿತು. ಮಗಳು ಶಿಫ್ಟು ಮುಗಿಸಿ ಬರುವವರೆಗೆ ಅದೇ ನೀರಲ್ಲಿ ಮಲಗಿದ್ದಳು.

ನನ್ನ ಕಾಲಿಗೂ ಒಂದು ಕಾಲದಲ್ಲಿ ಆಸರೆಗೆ ಕಟ್ಟುವ ಕಬ್ಬಿಣದ ಕ್ಯಾಲಿಪರ್ ಕೊಟ್ಟಿದ್ದರು, ಏಳು ವರ್ಷದವನಿದ್ದಾಗ. ಒಂಬತ್ತಕ್ಕೆ ನಾನು ಬೆಳೆದೆ, ಅದು ಬೆಳೆಯಲಿಲ್ಲ. ಹೊಸದು ಬರಲಿಲ್ಲ. ಅಮ್ಮ ಅದನ್ನು ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಇಡುತ್ತಿದ್ದಳು. ನಮ್ಮಂಥವರಿಗೆ ಕೊಟ್ಟ ವಸ್ತುಗಳು ಹೇಗೋ ಮನೆಬಳಕೆಗೆ ಬಂದುಬಿಡುತ್ತವೆ.

ಇಷ್ಟರಲ್ಲಿ ಪರಿಶೀಲನಾ ತಂಡ ಬರುತ್ತದೆ ಅಂತ ಸುದ್ದಿ ಬಂತು. ವಿಲೀನ ಹೇಗೆ ನಡೆದಿದೆ ಎಂದು ನೋಡಲು. ಸಾಹೇಬರು ಒಂದೇ ದಿನದಲ್ಲಿ ಬೆಡ್‌ಶೀಟುಗಳಿಗೆ ಜಾಗ ಹುಡುಕಿದರು. ಹಾಲಿನ ಮೂಲೆಯಲ್ಲೇ ದೊಡ್ಡ ಟಬ್ಬುಗಳಲ್ಲಿ ಒದ್ದೆಯಾಗಿ ತುಂಬಿಟ್ಟು, ಮುಂದೆ ಒಂದು ಪರದೆ. ಪರದೆ ಹೊಲಿದವನು ನಾನು. ಕಂಬಿಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿದರು. ಈಗ ಒಬ್ಬ ಫಲಾನುಭವಿ ಬೇಕಿತ್ತು. ಅಕ್ಕನನ್ನು ಕರೆಸಿದರು.

"ನೋಡಮ್ಮ, ನೀನು ನಮ್ಮ ಮನೆಯವಳಿದ್ದ ಹಾಗೆ" ಅಂದರು ಸಾಹೇಬರು. "ಐದು ನಿಮಿಷ ಕಂಬಿ ಹಿಡ್ಕೊಂಡು ನಿಲ್ಲಬೇಕು. ಹಿಂದೆ ಇಬ್ರು ಹಿಡ್ಕೊಂಡಿರ್ತಾರೆ, ಕಾಣಲ್ಲ. ಕಾಲು ಮುಚ್ಚೋ ಹಾಗೆ ಉದ್ದ ಗೌನು ಹಾಕೋಣ. ಆಮೇಲೆ ಬಟ್ಟೆ ಮಡಚೋ ಕಡೆ ಕೂತು ಮಾಡೋ ಕೆಲಸ ನೋಡೋಣ."

"ಕೆಲಸ ಆಮೇಲಿರಲಿ ಸಾರ್. ಕಾಲು ಕೂರ್ಸೋರು ಬರಕ್ಕೆ ಹದಿನೆಂಟು ದಿನ ಇದೆ. ಅಲ್ಲೀವರ್ಗೂ ದಿನಾ ಒಂದು ಗಂಟೆ ಈ ಕಂಬಿ, ಈ ಮೇಡಂ. ಅಷ್ಟು ಮಾಡ್ಸಿ, ನಿಲ್ತೀನಿ."

"ಇನ್‌ಸ್ಪೆಕ್ಷನ್ ಒಂದು ಮುಗೀಲಿ, ನೋಡೋಣ."

"ಬರ್ಕೊಡಿ ಸಾರ್."

"ಏನಮ್ಮ, ನನ್ ಮೇಲೆ ನಂಬಿಕೆ ಇಲ್ವಾ?"

"ಇಪ್ಪತ್ತಾರು ವರ್ಷ ನಿಮ್ ಬೆಡ್‌ಶೀಟು ಒಗ್ದಿದೀನಿ ಸಾರ್. ಕಲೆ ನೋಡಿದ್ರೆ ಯಾತರದ್ದು ಅಂತ ಗೊತ್ತಾಗುತ್ತೆ."

ಸಾಹೇಬರು ನಕ್ಕರು. ಬರೆದುಕೊಡಲಿಲ್ಲ. ಉದ್ದ ಗೌನು ಹೊಲಿಯಲು ನನಗೆ ಹೇಳಿ ಹೋದರು. ನಾನು ಅಕ್ಕನ ಮುಖ ನೋಡಿದೆ. "ಹೊಲಿ ಹೊಲಿ. ಹೆಮ್ಮಿಂಗ್ ಚೆನ್ನಾಗಿ ಹಾಕು" ಅಂದಳು.

ತಂಡದಲ್ಲಿ ಮೂವರು. ಒಬ್ಬ ಹಿರಿಯರು, ಒಬ್ಬ ಮರುಕದ ಕಣ್ಣಿನ ಹೆಂಗಸು, ಫೋನಿನಲ್ಲಿ ಎಲ್ಲವನ್ನೂ ಚಿತ್ರ ತೆಗೆಯುವ ಒಬ್ಬ ತರುಣ. ಮೊದಲು ನನ್ನ ಬಾಗಿಲಿಗೆ ಬಂದರು. "ಇವರೂ ನಮ್ಮ ಅಂಗವಿಕಲ ಸಿಬ್ಬಂದಿ" ಅಂದರು ಸಾಹೇಬರು. ತರುಣ ಫೋನು ಹಿಡಿದು "ಒಂದು ನಿಮಿಷ ಈ ಕಡೆ ನೋಡಿ" ಅಂದ. ನಾನು ನೋಡಲಿಲ್ಲ. ಹಿಡಿಕೆ ತಿರುಗಿಸುತ್ತಲೇ ಇದ್ದೆ. ಅಷ್ಟೇ ನನ್ನ ಬಂಡಾಯ. ಆಮೇಲೆ ಅವರು ಅಚ್ಚು ಹಾಕಿಸಿದ ಪುಸ್ತಿಕೆಯಲ್ಲಿ ನನ್ನ ಬಲಗೈ ಮಸುಕಾಗಿ ಕಾಣುತ್ತದೆ.

ಅವರು ಹಾಲಿಗೆ ಹೋದಾಗ ನಾನೂ ಹಿಂದೆ ಹೋದೆ. ಅಕ್ಕ ಗಾಲಿಕುರ್ಚಿಯಲ್ಲಿ ಕಂಬಿಗಳ ನಡುವೆ. ಪಕ್ಕದಲ್ಲಿ ಮೇಡಂ, ಕೌಂಟರಿನಿಂದ ಕರೆತಂದು ಇಸ್ತ್ರಿ ಕೋಟು ಹಾಕಿಸಿದ್ದರು. ಹಿಂದೆ ಇಬ್ಬರು ಅಟೆಂಡರುಗಳು.

"ಇವರು ನಮ್ಮ ಫಲಾನುಭವಿ, ನಮ್ಮ ಲಾಂಡ್ರಿಯಲ್ಲೇ ಇದ್ದವರು. ಈಗ ನಿಂತು ತೋರಿಸ್ತಾರೆ."

ಅಟೆಂಡರುಗಳು ಅವಳ ಕಂಕುಳಿಗೆ ಕೈ ಹಾಕಿದರು.

"ಕೈ ತೆಗೀರೋ" ಅಂದಳು ಅಕ್ಕ.

ತೆಗೆದರು.

"ನಾನು ನಿಲ್ಲಲ್ಲ."

ಸಾಹೇಬರು "ಪಾಪ, ಸ್ವಲ್ಪ ಸುಸ್ತು" ಅಂದರು. ಅಕ್ಕ ಗೌನನ್ನು ಎತ್ತಿ ಮಂಡಿಯ ಮೇಲಕ್ಕೆ ಸರಿಸಿದಳು. ಮೋಟುಗಾಲು ಕೊಕ್ಕೆಯ ಹಾಗೆ ಬಾಗಿ ನಿಂತಿತ್ತು.

"ಸುಸ್ತಿಲ್ಲ. ಇದು ನೆಟ್ಟಗಾಗಲ್ಲ. ಈ ಕಂಬಿ ಬಂದಾಗ್ಲಿಂದ ಒಬ್ರೂ ಇದನ್ನ ಹಿಡ್ಕೊಂಡು ನಡೆದಿಲ್ಲ ಸ್ವಾಮಿ. ಈ ಮೇಡಂ ಟೋಕನ್ ಹರೀತಾರೆ. ಇದು ಏತಕ್ಕೆ ಅಂತ ತೋರಿಸ್ತೀನಿ, ನೋಡಿ."

ಗಾಲಿ ತಳ್ಳಿಕೊಂಡು ಮೂಲೆಗೆ ಹೋದಳು. ನನ್ನ ಪರದೆಯನ್ನು ಒಂದೇ ಎಳೆತಕ್ಕೆ ಸರಿಸಿದಳು. ಟಬ್ಬಿನಿಂದ ಒದ್ದೆ ಬೆಡ್‌ಶೀಟು ತೆಗೆದು ತೊಡೆಯ ಮೇಲೆ ಹಾಕಿಕೊಂಡಳು. ನೀರು ಗೌನಿನ ಮೇಲೆಲ್ಲಾ ಇಳಿಯಿತು. ತಿರುಗಿ ಬಂದು, ಕುಳಿತಲ್ಲಿಂದಲೇ ಎರಡು ಕೈಯಲ್ಲಿ ಬೀಸಿ ಕಂಬಿಯ ಮೇಲೆ ಎಸೆದಳು. ಅಂಗೈಯಿಂದ ಸುಕ್ಕು ಬಿಡಿಸಿದಳು. ಅಂಚಿಗೆ ಅಂಚು ಸರಿ ಮಾಡಿದಳು. ಎರಡನೆಯದು. ಮೂರನೆಯದು. ಒರೆಸಿದ ನೆಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು. ಸಾಹೇಬರ ಮುಖ ಬಿಳಿಚಿತ್ತು. ಅವತ್ತು ಏನೋ ಆಗಿಬಿಡುತ್ತದೆ ಅಂತ ನಾನು ನಂಬಿದೆ. ಎಷ್ಟೊಂದು ಓದಿಕೊಂಡವನು, ಆದರೂ ನಂಬಿದೆ.

ಹಿರಿಯರು ಕನ್ನಡಕ ತೆಗೆದರು.

"ಅದ್ಭುತ" ಅಂದರು. "ತನ್ನ ವೃತ್ತಿಯ ಮೂಲಕವೇ ಪುನಶ್ಚೇತನ! ತೋಳಿಗೆ ವ್ಯಾಯಾಮ, ಮನಸ್ಸಿಗೆ ಘನತೆ. ಇದು ಯಾರ ಯೋಚನೆ?"

ಸಾಹೇಬರು ಒಂದು ಸಲ ಕಣ್ಣು ಮಿಟುಕಿಸಿದರು. ಒಂದೇ ಸಲ.

"ನಮ್ಮದೇ ಪ್ರಯೋಗ ಸಾರ್."

"ಅಯ್ಯೋ, ನಾನು ಬೈತಾ ಇದೀನಿ ಸ್ವಾಮಿ!" ಅಂದಳು ಅಕ್ಕ.

ಮರುಕದ ಕಣ್ಣಿನ ಹೆಂಗಸು ನಕ್ಕು ಅವಳ ಭುಜ ಸವರಿದರು. "ಎಂಥ ಆತ್ಮವಿಶ್ವಾಸ ನೋಡಿ. ಹೀಗೇ ಇರಮ್ಮ."

"ಸಾರ್, ಅವರು ಹೇಳ್ತಿರೋದು ನಿಜ" ಅಂತ ಮೇಡಂ ಮುಂದೆ ಬಂದರು. "ನನ್ನನ್ನ ಇಲ್ಲಿ ಕೆಲಸ ಮಾಡೋಕೇ ಬಿಟ್ಟಿಲ್ಲ. ಈ ಮಂಡಿ ಇನ್ನೂ..."

ಅಷ್ಟರಲ್ಲಿ ತರುಣ ಫೋನನ್ನು ಜೇಬಿಗೆ ಹಾಕಿಕೊಂಡಿದ್ದ. ಹಿರಿಯರು ಗಡಿಯಾರ ನೋಡಿಕೊಂಡರು. "ನಿಮ್ಮ ಅಹವಾಲು ಬರೆದು ಕೊಡಿ" ಅಂದರು. ಸಾಹೇಬರು ಅವರನ್ನು ಚಹಾಕ್ಕೆ ಕರೆದೊಯ್ದರು. ಅಕ್ಕನ ತೊಡೆಯ ಮೇಲೆ ನಾಲ್ಕನೇ ಬೆಡ್‌ಶೀಟು ಹಾಗೇ ಇತ್ತು.

ಅರ್ಧ ಗಂಟೆಯಲ್ಲಿ ಉಳಿದ ಹದಿನೈದನ್ನೂ ಹೊಸ ಹೆಂಗಸು ಬಂದು ಹಾಕಿದಳು.

ಹದಿನೆಂಟು ದಿನಕ್ಕೆ ಕಾಲು ಕೂರಿಸುವವರು ಬಂದರು. ಅಳೆದರು. ನಲವತ್ತೈದು ಡಿಗ್ರಿ. ಇಷ್ಟು ಬಾಗಿದ್ದಕ್ಕೆ ಕಾಲಿಲ್ಲ ಅಂದರು. "ಆಸ್ಪತ್ರೆಯಲ್ಲೇ ಇದ್ಯಲ್ಲಮ್ಮ, ಇಷ್ಟು ದಿನ ಏನ್ ಮಾಡ್ತಿದ್ದೆ?" ಅಂತ ಕೇಳಿದರು.

"ಬಟ್ಟೆ ಒಣಹಾಕ್ತಿದ್ದೆ" ಅಂದಳು ಅಕ್ಕ.

ಹೋಗುವಾಗ ನನ್ನ ಬಾಗಿಲಲ್ಲಿ ಕುರ್ಚಿ ನಿಲ್ಲಿಸಲು ಮಗಳಿಗೆ ಹೇಳಿದಳು. ನನಗೆ ತಲೆ ಎತ್ತಲಾಗಲಿಲ್ಲ. ಹೊಲಿಗೆ ಬಿಚ್ಚುತ್ತಾ ಕೂತಿದ್ದೆ. ವಾರ್ಡಿನಿಂದ ವಾಪಸು ತಂದ ನಾಲ್ಕು ದಿಂಬುಗಳು. ಅಕ್ಕನದನ್ನು ಅವಳೇ ತಂದು ಕೊಟ್ಟಿದ್ದಳು, ಅದು ಐದನೆಯದು. ಎರಡೆರಡು ಹೊಲಿಗೆ ಹಾಕಿದ ಮೂಲೆಗಳು ಬೇಗ ಬಿಚ್ಚುವುದಿಲ್ಲ.

"ದಿಂಬು ಚೆನ್ನಾಗಿತ್ತು ಕಣೋ" ಅಂದಳು.

ನಾನು ಕತ್ತರಿಯ ತುದಿಯನ್ನು ಇನ್ನೊಂದು ಮೂಲೆಗೆ ಹಾಕಿದೆ.

"ನಿಜ ಹೇಳ್ತೀನಿ. ಆ ಇಪ್ಪತ್ನಾಲ್ಕು ದಿನ ಚೆನ್ನಾಗಿ ನಿದ್ದೆ ಬಂತು."

ಮಗಳು ಕುರ್ಚಿ ತಳ್ಳಿದಳು. ಒಂದು ಗಾಲಿ ಕಿರ್ರೆನ್ನುತ್ತಿತ್ತು. ಗೇಟಿನವರೆಗೂ ಕೇಳಿಸಿತು.

ಆಸ್ಪತ್ರೆಗೆ ಮಾದರಿ ವಿಲೀನಕ್ಕಾಗಿ ಪ್ರಶಂಸಾಪತ್ರ ಬಂತು. ಅದನ್ನು ಸಾಹೇಬರ ಕೋಣೆಯಲ್ಲಿ ನೇತುಹಾಕಿದ್ದಾರೆ. ವ್ಯಾಯಾಮದ ಮೇಡಂ ಅವರ ಗುತ್ತಿಗೆ ಮುಂದುವರಿಯಲಿಲ್ಲ. ಮಡಚುವ ಕಡೆಯ ಕೆಲಸ ಗುತ್ತಿಗೆದಾರನ ನಾದಿನಿಗೆ ಸಿಕ್ಕಿತು. ಅಕ್ಕನಿಗೆ ಕಾಲು ಬರಲಿಲ್ಲ. ಜೋಡಿ ಕಂಬಿಯ ಮೇಲೆ ಒಂದು ಸಲಕ್ಕೆ ಹದಿನೆಂಟು ಬೆಡ್‌ಶೀಟು ಒಣಗುತ್ತವೆ.